ಹಳೆ ವಿಂಚ್ ರಿಪೇರಿ, ಮ್ಯಾಲೆ ಸಿಂಥೆಟಿಕ್ ಹಗ್ಗ: ಯಾವುದು ಮೊದಲು?

ಧಾರವಾಡ ಜೀಪು (ಪ್ರಶ್ನೆ)

ನಮಸ್ಕಾರ ರಿ ಎಲ್ಲಾರಿಗೂ. ಎಂಎಂ 540 ಜೀಪಿನ ಮುಂದ ಕೂಡಿಸಿದ ಹಳೆ ಎಲೆಕ್ಟ್ರಿಕ್ ವಿಂಚ್ (ಡ್ರಮ್ಮಿಗೆ ಹಗ್ಗ ಸುತ್ತಿ ಹೂತ ಗಾಡಿ ಎಳಿಯೋ ಯಂತ್ರ) ಒಂದೈತಿ, ಅದನ್ನ ಕೆಲಸಕ್ಕ ತರಬೇಕಾಗೇತಿ. 12 ವೋಲ್ಟಿಂದು, 8000 ಪೌಂಡ್, ಅಂದ್ರ 3629 ಕೆಜಿ. ಕಂಪನಿ ಪಟ್ಟಿ ಕಿತ್ತು ಹೋಗೇತಿ. ನಡುವ ಡ್ರಮ್, ಒಂದು ಬಾಜೂ ಮೋಟರ್, ಇನ್ನೊಂದು ಬಾಜೂ ಗೇರ್‌ಬಾಕ್ಸ್. ಮೋಟರಿನ ಮ್ಯಾಲೆ ಎ, ಎಫ್1, ಎಫ್2 ಅಂತ ಮೂರು ಬೋಲ್ಟ್ ಅದಾವ. ಡ್ರಮ್ಮಿನ ವ್ಯಾಸ 64 ಮಿಮೀ, ಎರಡು ಗ್ವಾಡಿ ನಡುವ 224 ಮಿಮೀ. ಈಗ 8 ಮಿಮೀ ತಂತಿ ಹಗ್ಗ ಸುತ್ತೇತಿ.

ತೊಂದ್ರಿ ಹಿಂಗ ಅದಾವ. ಬಟನ್ ಒತ್ತಿದ್ರ ಒಮ್ಮೊಮ್ಮೆ ಬರೇ ಟಕ್ ಅಂತೈತಿ, ಮೋಟರ್ ತಿರುಗಂಗಿಲ್ಲ. ತಿರುಗಿದ್ರೂ ಭಾರ ಬಿದ್ದ ಕೂಡ್ಲೆ ಸೊರಗ್ತೈತಿ. ಫ್ರೀ ಸ್ಪೂಲ್ ಹಿಡಿಕಿ (ಗೇರಿನಿಂದ ಡ್ರಮ್ ಬಿಡಿಸಿ ಹಗ್ಗ ಕೈಯಿಂದ ಎಳಿಯೂವಂಗ ಮಾಡೋ ಕ್ಲಚ್) ತುಕ್ಕು ಹಿಡಿದು ಕುಂತೈತಿ. ಇಳಿಜಾರಿನ್ಯಾಗ ಎಳೆದು ಬಟನ್ ಬಿಟ್ರ ಗಾಡಿ ನಿಧಾನಕ ಹಿಂದ ಜಾರ್ತೈತಿ. ತಂತಿ ಹಗ್ಗದ ಎಳಿ ಅಲ್ಲಲ್ಲೆ ಹರಿದು ಮುಳ್ಳಿನಂಗ ಎದ್ದಾವ, ಕೈಗವಸು ಇಲ್ದ ಮುಟ್ಟಾಕ ಆಗಂಗಿಲ್ಲ.

ಅದಕ್ಕ ಮೊದಲು ಹಗ್ಗ ಬದಲಿಸಿ 10 ಮಿಮೀ ಸಿಂಥೆಟಿಕ್ 30 ಮೀಟರ್ ಹಾಕೂದು, ಉಳಿದದ್ದು ಆಮ್ಯಾಲೆ ಒಂದೊಂದ ನೋಡೂದು ಅಂತ ವಿಚಾರ ಐತಿ. ಮುಂದಿನ ನಾಕು ರೋಲರ್ ಅವನ್ನ ಇಟ್ಕೋಬಹುದೇನು? ಡ್ರಮ್ಮಿಗೆ ತಂತಿ ಹಿಡಿಯೋ ಗ್ರಬ್ ಸ್ಕ್ರೂ ಸಿಂಥೆಟಿಕ್ಕಿಗೂ ನಡಿತೈತೇನು? ಕೆಲಸ ಎಲ್ಲಾ ನವಲಗುಂದ, ಅಣ್ಣಿಗೇರಿ ಕಡೆ ಎರಿ ಹೊಲದಾಗ, ಅದೂ ಮಳಿಗಾಲದಾಗ.

ಗೋಕುಲ ರೋಡ್ ಆರ್ಮೇಚರ್

ಹಗ್ಗ ಕಡೀಕ ತಗೋರಿ. ಈಗ ತಗೊಂಡ್ರ ಹೊಸ ಹಗ್ಗ ಹಳೆ ಬ್ರೇಕಿನ ಮ್ಯಾಲೆ ಸುಟ್ಟು ಹೊಕ್ಕೈತಿ. ಬ್ರೇಕಿನ ಮಾತು ಬಲ್ಲವರು ಹೇಳ್ತಾರ, ನಾ ಕರೆಂಟಿನ ಕಡೆ ಹೇಳ್ತೀನಿ.

ಟಕ್ ಅಂತೈತಿ ಅಂದ್ರ ಸೊಲೆನಾಯ್ಡಿನ (ಬಟನ್ ಒತ್ತಿದಾಗ ಮೋಟರಿಗೆ ದಪ್ಪ ಕರೆಂಟ್ ಜೋಡಸೋ ಸ್ವಿಚ್ಚಿನ) ಕಾಯಿಲ್, ರಿಮೋಟ್ ವಾಯರ್ ಎರಡೂ ಸರಿ ಅದಾವ. ದಪ್ಪ ಕರೆಂಟ್ ಹೋಗೋ ದಾರಿಯಾಗ ಎಲ್ಲೋ ತಡಿ ಐತಿ. ಬಿಚ್ಚೂಕಿಂತ ಮೊದಲು ಮೀಟರ್ ಹಿಡೀರಿ. ಇಂಜಿನ್ ಬಂದ್ ಇರ್ಲಿ, ಒಬ್ರು ಬಟನ್ ಒತ್ತಿ ಹಿಡೀಲಿ, ವಿಂಚಿನ ಮ್ಯಾಲೆ ಸ್ವಲ್ಪ ಭಾರ ಇರ್ಲಿ. ಮೊದಲು ಬ್ಯಾಟರಿಯ ಎರಡು ಕಂಬದ ಮ್ಯಾಲೆ. 9.6 ವೋಲ್ಟಿಗಿಂತ ಕೆಳಗ ಬಿತ್ತಂದ್ರ ಬ್ಯಾಟರಿನ ಸತ್ತೈತಿ, ಮುಂದ ನೋಡೂ ಕಾರಣ ಇಲ್ಲ. ಬ್ಯಾಟರಿ ಗಟ್ಟಿ ನಿಂತ್ರ, ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಮೋಟರಿನ ಮೈಗೆ. ಅಲ್ಲೆ 0.5 ವೋಲ್ಟ್ ದಾಟಿದ್ರ ಅರ್ಥಿಂಗ್ ಕೆಟ್ಟೈತಿ. ಆಮ್ಯಾಲೆ ಸೊಲೆನಾಯ್ಡಿನ ಎರಡು ದಪ್ಪ ಬೋಲ್ಟಿನ ನಡುವ. ಒತ್ತಿ ಹಿಡಿದಾಗ 0.3ಕ್ಕಿಂತ ಹೆಚ್ಚು ತೋರಿಸಿದ್ರ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟು ಕುಳಿ ಬಿದ್ದೈತಿ ಅಂತ ಅರ್ಥ.

ಹಳೆ ಜೀಪಿನ್ಯಾಗ ಹತ್ತಕ್ಕ ಆರು ಸಲ ಅರ್ಥಿಂಗೇ ಕಾರಣ. ಬಂಪರಿಗೆ ಬೋಲ್ಟ್ ಹಾಕಿ, ಬಂಪರ್ ಚಾಸಿಗೆ, ಚಾಸಿಯಿಂದ ಬ್ಯಾಟರಿಗೆ ಅಂತ ಬಿಟ್ಟಿರ್ತಾರ. ನಡುವ ಪೇಂಟು, ತುಕ್ಕು, ಮಣ್ಣು. ಈ ಸೈಜಿನ ವಿಂಚ್ ಪೂರ್ತಿ ಭಾರಕ್ಕ 400 ಆಂಪಿಯರ್ ಮ್ಯಾಲೆ ಎಳಿತೈತಿ, ಆ ದಾರಿಯಾಗ ಅಷ್ಟು ಹರಿಯಂಗಿಲ್ಲ. ಮೋಟರಿನ ಮೈನಸ್ ಬೋಲ್ಟಿನಿಂದ ಸೀದಾ ಬ್ಯಾಟರಿ ಮೈನಸ್ಸಿಗೆ ಬೇರೆ ಕೇಬಲ್ ಎಳೀರಿ. ದಪ್ಪ ಎಷ್ಟು ಬೇಕು ಅನ್ನೂದು ಲೆಕ್ಕಾ ಹಾಕ್ರಿ: ಹೋಗಿ ಬರೂದು ಸೇರಿ 4 ಮೀಟರ್ ಇದ್ರ, 25 ಚದರ ಮಿಮೀ ತಾಮ್ರದಾಗ 400 ಆಂಪಿಯರಿಗೆ 1.1 ವೋಲ್ಟ್ ಕೇಬಲ್ಲ ತಿಂತೈತಿ. 35ಕ್ಕ 0.8, 50ಕ್ಕ 0.56. ನಾ ಆದ್ರ 50 ಹಾಕ್ತೀನಿ. ವೆಲ್ಡಿಂಗ್ ಕೇಬಲ್ ಮೆತ್ತಗಿರ್ತೈತಿ, ಬಾಗಸಾಕ ಚಲೋ. ಆದ್ರ ಈಗ ಅಲ್ಯೂಮಿನಿಯಂ ವೆಲ್ಡಿಂಗ್ ಕೇಬಲ್ಲೂ ಅದೇ ಬಣ್ಣದಾಗ ಮಾರ್ತಾರ, ತಾಮ್ರ ಬಳಿದದ್ದೂ ಬರ್ತೈತಿ. ಒಂದು ಎಳಿ ತಗೊಂಡು ಬ್ಲೇಡಿನಿಂದ ಕೆರೆದು ನೋಡ್ರಿ, ಒಳಗ ಬೆಳ್ಳಗ ಕಂಡ್ರ ಬ್ಯಾಡ. ಲಗ್ (ಕೇಬಲ್ ತುದಿಯ ಲೋಹದ ಕಿವಿ) ಹೈಡ್ರಾಲಿಕ್ ಪ್ರೆಸ್ಸಿನಿಂದ ಒತ್ತಿಸ್ರಿ. ಸುತ್ತಿಗಿಯಿಂದ ಬಡಿದ ಲಗ್ ಬಿಸಿ ಆಗಿ ಸಡಿಲ ಆಕ್ಕೈತಿ.

ಇನ್ನ ಮೋಟರ್. ಎ, ಎಫ್1, ಎಫ್2 ಇದ್ರ ಅದು ಸೀರೀಸ್ ಮೋಟರ್, ಅಂದ್ರ ಫೀಲ್ಡ್ ಕಾಯಿಲ್, ತಿರುಗೋ ಆರ್ಮೇಚರ್ ಎರಡೂ ಒಂದರ ಹಿಂದ ಒಂದು ಜೋಡಿಸಿದ್ದು. ಕಂಟ್ರೋಲ್ ಡಬ್ಬಿ ಬಿಟ್ಟು ನೇರ ಪರೀಕ್ಷಾ ಮಾಡ್ರಿ. ಎ ಮತ್ತು ಎಫ್1 ನಡುವ ದಪ್ಪ ಜಂಪರ್ ಹಾಕಿ, ಎಫ್2ಕ್ಕ ಪ್ಲಸ್, ಮೈಗೆ ಮೈನಸ್. ಒಂದು ಕಡೆ ತಿರುಗ್ತೈತಿ. ಜಂಪರ್ ಎ ಮತ್ತು ಎಫ್2 ನಡುವ ಹಾಕಿ ಎಫ್1ಕ್ಕ ಪ್ಲಸ್ ಕೊಟ್ರ ಉಲ್ಟಾ. ಬರೇ ಬ್ಯಾಟರಿ ವಾಯರ್ ಅದಲು ಬದಲು ಮಾಡಿದ್ರ ಸೀರೀಸ್ ಮೋಟರ್ ಉಲ್ಟಾ ತಿರುಗಂಗಿಲ್ಲ, ಯಾಕಂದ್ರ ಫೀಲ್ಡೂ ಆರ್ಮೇಚರೂ ಎರಡೂ ಕೂಡೇ ಬದಲಾಕ್ಕಾವ. ಗೇರಿನಿಂದ ಬಿಚ್ಚಿದ ಮೋಟರನ್ನ ಎರಡು ಸೆಕೆಂಡಿಗಿಂತ ಹೆಚ್ಚು ಓಡಸಬ್ಯಾಡ್ರಿ. ಭಾರ ಇಲ್ದ ಸೀರೀಸ್ ಮೋಟರ್ ವೇಗ ಏರಿಸ್ಕೋತನ ಹೊಕ್ಕೈತಿ, ಆರ್ಮೇಚರ್ ವೈಂಡಿಂಗ್ ಎದ್ದು ಹೊರಗ ಬರ್ತೈತಿ. ವೈಸಿನ್ಯಾಗ ಹಿಡಿದು ಮಾಡ್ರಿ, ಶುರು ಆಗೋ ಮುಂದ ಜಿಗಿತೈತಿ.

ಬಿಚ್ಚಿದಾಗ ಕಾರ್ಬನ್ (ಆರ್ಮೇಚರಿಗೆ ಕರೆಂಟ್ ಮುಟ್ಟಸೋ ಬ್ರಶ್) ನೋಡ್ರಿ. ತುಕ್ಕಿನ ಪುಡಿ ಕುಂತು ಕಾರ್ಬನ್ ಗೂಡಿನ್ಯಾಗ ಸಿಕ್ಕೊಂಡಿರ್ತಾವ, ಸ್ಪ್ರಿಂಗ್ ಒತ್ತಿದ್ರೂ ಕೆಳಗ ಇಳಿಯಂಗಿಲ್ಲ. ಬೆರಳಿನಿಂದ ಮ್ಯಾಲೆ ಕೆಳಗ ಸಲೀಸ ಆಡಬೇಕು. ಅರ್ಧಕ್ಕಿಂತ ಸವೆದಿದ್ರ ನಾಕೂ ಒಮ್ಮೆಲೆ ಬದಲಿಸ್ರಿ. ಇಲ್ಲೆ ಒಂದು ತಪ್ಪು ಭಾಳ ಮಂದಿ ಮಾಡ್ತಾರ: ಮಿಕ್ಸರ್, ಡ್ರಿಲ್ಲಿನ ಕರಿ ಕಾರ್ಬನ್ ತಿಕ್ಕಿ ಸೈಜ್ ಮಾಡಿ ಹಾಕ್ತಾರ. ಅದು 230 ವೋಲ್ಟಿನ ಮಾಲು. 12 ವೋಲ್ಟಿಗೆ ಸ್ಟಾರ್ಟರ್ ಮೋಟರಿಗೆ ಬರೋ ತಾಮ್ರ ಬೆರೆಸಿದ್ದನ್ನೇ ಹಾಕಬೇಕು, ಕೈಯಾಗ ಹಿಡಿದ್ರ ಕೆಂಪು ಹೊಳಪು ಕಾಣ್ತೈತಿ. ಕಮ್ಯುಟೇಟರ್ (ಕಾರ್ಬನ್ ತಿಕ್ಕೋ ತಾಮ್ರದ ಪಟ್ಟಿಗಳ ಉಂಗುರ) ಗಾಜ್ ಪೇಪರಿನಿಂದ ತಿಕ್ಕ್ರಿ, ಎಮರಿ ಬ್ಯಾಡ, ಅದರ ಪುಡಿ ಪಟ್ಟಿ ನಡುವ ಕುಂತು ಶಾರ್ಟ್ ಆಕ್ಕೈತಿ. ಪಟ್ಟಿಗಳ ನಡುವಿನ ಮೈಕಾ ತಾಮ್ರಕ್ಕಿಂತ ಅರ್ಧ ಮಿಮೀ ಕೆಳಗ ಇರಬೇಕು. ಮುರಿದ ಹ್ಯಾಕ್ಸಾ ಬ್ಲೇಡಿನ ತುಂಡು ಸಾಕು ಅದಕ್ಕ.

ಸೊಲೆನಾಯ್ಡ್ ಹೋಗಿದ್ರ ನಾಕು ಸೊಲೆನಾಯ್ಡಿನ ಬದಲು ಎರಡೂ ದಿಕ್ಕಿಗೆ ಕರೆಂಟ್ ಬದಲಿಸೋ ಒಂದೇ ಡಬ್ಬಿಯ ರಿವರ್ಸಿಂಗ್ ಕಾಂಟ್ಯಾಕ್ಟರ್ ಹಾಕ್ರಿ. ಟ್ರ್ಯಾಕ್ಟರ್ ಸ್ಟಾರ್ಟರಿನ ಸೊಲೆನಾಯ್ಡ್ ಅಗ್ಗ ಅಂತ ಹಾಕಬ್ಯಾಡ್ರಿ. ಅದರ ಕಾಯಿಲ್ ನಾಕೈದು ಸೆಕೆಂಡಿನ ಕೆಲಸಕ್ಕ ಮಾಡಿದ್ದು, ನಿಮಿಷಗಟ್ಟಲೆ ಒತ್ತಿ ಹಿಡಿದ್ರ ಸುಟ್ಟು ಹೊಕ್ಕೈತಿ. ಕಾಂಟ್ಯಾಕ್ಟ್ ಅಂಟ್ಕೊಂಡು ಬಿಟ್ರಂತೂ ಬಟನ್ ಬಿಟ್ರೂ ವಿಂಚ್ ನಿಲ್ಲಂಗಿಲ್ಲ. ಅದರ ಸಲುವಾಗಿನ ಬ್ಯಾಟರಿ ಪಕ್ಕಕ್ಕ, ಕೈಗೆ ಸಿಗೂವಂಗ ಬ್ಯಾಟರಿ ಕರೆಂಟ್ ಪೂರ್ತಿ ಕಡಿಯೋ ಒಂದು ಐಸೊಲೇಟರ್ ಸ್ವಿಚ್ ಇರ್ಲೇಬೇಕು.

ತಾರಿಹಾಳ ಲೇಥ್

ಕರೆಂಟಿನ ಮಾತು ಮೇಲಿನವರು ಮುಗಿಸ್ಯಾರ. ಈಗ ಜಾರೋದು.

ಬಿಚ್ಚೂಕಿಂತ ಮೊದಲು ಒಂದು ನೋಡ್ರಿ ಸರ. ಹಗ್ಗ ಡ್ರಮ್ಮಿನ ಕೆಳಗಿನಿಂದ ಹೊರಗ ಬರ್ತೈತೋ, ಮ್ಯಾಲಿನಿಂದನೋ? ಈ ನಮೂನಿ ವಿಂಚಿನ್ಯಾಗ ಕೆಳಗಿನಿಂದ ಬರಬೇಕು. ಯಾರರ ಹಿಂದ ಹಗ್ಗ ಬದಲಿಸೋ ಮುಂದ ಉಲ್ಟಾ ಸುತ್ತಿದ್ರ, ಹೊರಗ ಬಿಡೋ ಬಟನ್ ಒತ್ತಿದಾಗ ಅದು ಒಳಗ ಎಳಿತೈತಿ. ಎಳಿಯೂದು ಎಳಿತೈತಿ, ಆದ್ರ ಬ್ರೇಕ್ ಹಿಡಿಯಂಗಿಲ್ಲ. ಬ್ರೇಕ್ ಒಂದೇ ದಿಕ್ಕಿಗೆ ಹಿಡಿಯೋ ಮಾಲು. ಉಲ್ಟಾ ಸುತ್ತಿದ ವಿಂಚ್ ಹೊಸದಿದ್ರೂ ಜಾರ್ತೈತಿ, ಅದಕ್ಕ ರಿಪೇರಿ ಬ್ಯಾಡ, ಹಗ್ಗ ಬಿಚ್ಚಿ ಸರಿ ಸುತ್ತಿದ್ರ ಮುಗೀತು. ಇದನ್ನ ನೋಡ್ದ ಬ್ರೇಕ್ ಬದಲಿಸಿ ರೊಕ್ಕ ಕಳಕೊಂಡವರು ಅದಾರ.

ಸುತ್ತು ಸರಿ ಇದ್ದೂ ಜಾರಿದ್ರ ಬಿಚ್ಚಬೇಕು. ಬ್ಯಾಟರಿ ಬಿಟ್ಟು, ಹಗ್ಗ ಪೂರ್ತಿ ತೆಗೆದು, ಮೋಟರ್ ಬಾಜೂ, ಡ್ರಮ್, ಗೇರ್ ಬಾಜೂ ಮೂರರ ಮ್ಯಾಲೂ ಸೆಂಟರ್ ಪಂಚಿನಿಂದ ಗುರ್ತು ಹೊಡೀರಿ. ಎರಡು ಬದಿ ಹಿಡಿದಿರೋ ಟೈ ರಾಡ್ ಬಿಚ್ಚಿದ್ರ ಎಲ್ಲಾ ಬೇರೆ ಆಕ್ಕೈತಿ. ಅಲ್ಯೂಮಿನಿಯಂ ಮೈಯಾಗ ಕಬ್ಬಿಣದ ಬೋಲ್ಟ್ ಹತ್ತಿರ್ತಾವ. ಸುತ್ತಿಗಿ ಬ್ಯಾಡ, ಮೈ ಸೀಳ್ತೈತಿ. ಹಿಂದಿನ ದಿನ ಡೀಸೆಲ್ ಬಿಟ್ಟು ನೆನಸ್ರಿ, ಮರುದಿನ ಹೀಟ್ ಗನ್ನಿನಿಂದ ಅಲ್ಯೂಮಿನಿಯಂ ಕಾಸ್ರಿ, ಬೋಲ್ಟ್ ಅಲ್ಲ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗತೈತಿ, ಬೋಲ್ಟ್ ತಾನ ಸಡಿಲ ಬಿಡ್ತೈತಿ. ಫ್ರೀ ಸ್ಪೂಲ್ ಹಿಡಿಕಿಗೂ ಇದೇ ಔಷಧ. ಅದರ ಪಿನ್ನು ಗೇರ್‌ಬಾಕ್ಸಿನ ರಿಂಗ್ ಗೇರ್ ಹಿಡಿಯೂದು. ಹೊರಗ ಬಂದ ಮ್ಯಾಲೆ ಪಿನ್ನಿನ ತುದಿ ದುಂಡಗಾಗಿದ್ರ ಬದಲಿಸ್ರಿ, ಇಲ್ಲಂದ್ರ ಭಾರದ ನಡುವ ಕ್ಲಚ್ ಜಿಗಿತೈತಿ. ಲೇಥಿನ್ಯಾಗ ಇಎನ್ 24 ಗಟ್ಟಿ ಉಕ್ಕಿನ ತುಂಡಿನಿಂದ ಅರ್ಧ ತಾಸಿನ ಕೆಲಸ.

ಗೇರ್‌ಬಾಕ್ಸಿನ್ಯಾಗ ಹಳೆ ಗ್ರೀಸ್ ಮೇಣದಂಗ ಆಗಿರ್ತೈತಿ, ನೀರು ಹೊಕ್ಕಿದ್ರ ಹಾಲಿನ ಕೆನಿ ಬಣ್ಣ. ಸೀಮೆಎಣ್ಣಿ ಇಲ್ಲಾ ಡೀಸೆಲ್ ಒಳಗ ತೊಳೆದು ಒಣಗಿಸ್ರಿ. ಮೂರು ಹಂತದ ಪ್ಲಾನೆಟರಿ (ನಡುವಿನ ಗೇರಿನ ಸುತ್ತ ಸಣ್ಣ ಗೇರು ತಿರುಗೋ ಸೆಟ್) ಇರ್ತೈತಿ, ಯಾವ ಸೆಟ್ ಯಾವುದರ ಮ್ಯಾಲೆ ಅಂತ ಮೊಬೈಲಿನ್ಯಾಗ ಫೋಟೊ ತಗೊಂಡಿರ್ರಿ. ಹಲ್ಲು ಮುರಿದಿಲ್ಲ, ಪ್ಲಾನೆಟ್ ಪಿನ್ನು ಅಲುಗಾಡಂಗಿಲ್ಲ ಅಂದ್ರ ಗೇರಿಗೆ ಏನೂ ಆಗಿಲ್ಲ. ಲಿಥಿಯಂ ಇಪಿ 2 ಗ್ರೀಸ್, ಸರ್ವೋಜೆಮ್ ಇಪಿ 2 ಆದ್ರೂ ನಡಿತೈತಿ, ಒಟ್ಟು 100ರಿಂದ 150 ಗ್ರಾಂ. ಹಲ್ಲಿಗೆಲ್ಲಾ ತೆಳ್ಳಗ ಹಚ್ಚಿದ್ರ ಸಾಕು. ಅರ್ಧ ಕೆಜಿ ಡಬ್ಬಿ ಪೂರ್ತಿ ತುಂಬಿದ್ರ ಬಿಸಿಗೆ ಕರಗಿ ಸೀಲ್ ದಾಟಿ ಡ್ರಮ್ಮಿನೊಳಗ ಇಳಿದು ಬ್ರೇಕಿಗೆ ಹತ್ತೈತಿ. ಜಾರೋ ವಿಂಚಿನ್ಯಾಗ ಇದೂ ಒಂದು ಕಾರಣ.

ಬ್ರೇಕ್ ಎಲ್ಲಿ ಐತಿ ಅಂತ ತಿಳ್ಕೊಂಡ್ರ ಹಗ್ಗದ ಪ್ರಶ್ನೆನೂ ಅರ್ಧ ಬಗೆಹರಿತೈತಿ. ನೀವು ಹೇಳಿದ ನಮೂನಿಯಾಗ ಡ್ರಮ್ಮಿನ ಹೊಟ್ಟಿಯೊಳಗ ಆರು ಮೂಲಿ ಶಾಫ್ಟ್ ಹಾಯ್ದಿರ್ತೈತಿ, ಅದರ ಮ್ಯಾಲೆ ಬ್ರೇಕ್ ಕುಂತಿರ್ತೈತಿ. ಮೋಟರ್ ಹೊರಗ ಬಿಡೋ ಮುಂದ ಬ್ರೇಕ್ ತಿಕ್ಕಾಡ್ತನ ಇಳಸ್ತೈತಿ, ಆ ಬಿಸಿ ಎಲ್ಲಾ ಡ್ರಮ್ಮಿಗೆ. ವಾರ್ನ್ 8274 ಅಂಥಾ ಎದ್ದು ನಿಂತ ಹಳೆ ವಿಂಚಿನ್ಯಾಗ ಬ್ರೇಕ್ ಡ್ರಮ್ಮಿನ ಹೊರಗ ಐತಿ, ಅವಕ್ಕ ಈ ಕಾಟ ಇಲ್ಲ. ಲೈನಿಂಗ್ ಎಣ್ಣಿ ಹತ್ತಿದ್ದಷ್ಟೇ ಇದ್ರ ಬ್ರೇಕ್ ಕ್ಲೀನರ್ ಹೊಡೆದು 120 ನಂಬರ್ ಪೇಪರಿನಿಂದ ತಿಕ್ಕ್ರಿ. ಗಾಜಿನಂಗ ಹೊಳಿತಿದ್ರ, ಇಲ್ಲಾ ಲೋಹಕ್ಕ ಲೋಹ ತಾಗಿದ ಗೆರಿ ಇದ್ರ ಬದಲಿಸ್ರಿ. ಕೂಡಸೋ ಮುಂದ ಸ್ಪ್ರಿಂಗ್ ಮತ್ತ ಕ್ಯಾಮ್ ಹಳೆ ಗುರ್ತಿಗೇ ಬರಬೇಕು. ಒಂದು ಹಲ್ಲು ಆಚೀಚೆ ಆದ್ರ ಎರಡೂ ದಿಕ್ಕಿಗೆ ಬ್ರೇಕ್ ಹಿಡ್ಕೊಂಡ ಇರ್ತೈತಿ, ಖಾಲಿ ಹಗ್ಗ ಸುತ್ತಿದ್ರೂ ಡ್ರಮ್ ಕಾಯ್ತೈತಿ.

ಬಟನ್ ಬಿಟ್ಟ ಮ್ಯಾಲೆ ಒಂದೆರಡು ಬೆರಳಷ್ಟು ಹಿಂದ ಸರಿದು ಗಪ್ಪನೆ ನಿಂತ್ರ ಅದು ದೋಷ ಅಲ್ಲ, ಕ್ಯಾಮ್ ಕಚ್ಚೋ ಅಂತರ ಅದು. ನಿಲ್ಲದ ಜಾರತನ ಇದ್ರ ಮಾತ್ರ ದೋಷ.

ಹಾನಗಲ್ ಹಗ್ಗ

ಹಗ್ಗದ ವಿಷಯಕ್ಕೆ ಬರುತ್ತೇನೆ. ಬ್ರೇಕು ಡ್ರಮ್ಮಿನೊಳಗೆ ಇದೆ ಎಂದಾದ ಮೇಲೆ ಇಲ್ಲಿ ಬಿಸಿಯೇ ಮುಖ್ಯ ಲೆಕ್ಕ. ವಿಂಚ್ ಹಗ್ಗ ಎಂದು ಮಾರುವುದು ಬಹುಪಾಲು ಡೈನೀಮಾ ಜಾತಿಯ ಎಳೆ, 12 ಎಳೆಯ ಪೊಳ್ಳು ಹೆಣಿಗೆ. ಅದು ಕರಗುವುದು 145–150 ಡಿಗ್ರಿಯ ಆಸುಪಾಸಿನಲ್ಲಿ, ಆದರೆ ಅಷ್ಟು ದೂರ ಹೋಗಬೇಕಿಲ್ಲ. 70 ಡಿಗ್ರಿ ದಾಟಿದರೆ ಬಲ ಇಳಿಯಲು ಶುರುವಾಗುತ್ತದೆ. ತಂತಿ ಹಗ್ಗಕ್ಕೆ 70 ಡಿಗ್ರಿ ಲೆಕ್ಕಕ್ಕೇ ಇಲ್ಲ, ಅದಕ್ಕೇ ಹಳಬರು ಡ್ರಮ್ಮಿನ ಬಿಸಿಯ ಕಡೆ ತಲೆ ಕೆಡಿಸಿಕೊಂಡವರಲ್ಲ. ರಿಪೇರಿ ಮುಗಿದ ಮೇಲೆ ಹಳೆ ತಂತಿಯಲ್ಲೇ ಒಮ್ಮೆ ಪರೀಕ್ಷೆ ಮಾಡಿ. ಸಣ್ಣ ಇಳಿಜಾರಿನಲ್ಲಿ ಗಾಡಿಯನ್ನು ಮೋಟರಿನಿಂದಲೇ 8–10 ಮೀಟರ್ ಇಳಿಸಿ, ತಕ್ಷಣ ಡ್ರಮ್ಮಿನ ಮೈಗೆ ಇನ್‌ಫ್ರಾರೆಡ್ ಗನ್ ಹಿಡಿಯಿರಿ. 65 ತೋರಿಸಿದರೆ ಈ ವಿಂಚಿನಲ್ಲಿ ಗಾಡಿ ಇಳಿಸುವ ಕೆಲಸ ಸಿಂಥೆಟಿಕ್ ಹಾಕಿದ ಮೇಲೆ ಬೇಡ. ಹಗ್ಗ ಹೊರಗೆ ಬೇಕಾದಾಗ ಫ್ರೀ ಸ್ಪೂಲ್ ಬಿಟ್ಟು ಕೈಯಲ್ಲಿ ಎಳೆದುಕೊಳ್ಳಿ. ಹಿಡಿಕೆ ತುಕ್ಕು ಹಿಡಿದಿದ್ದರೆ ಇದು ಆಗುವುದಿಲ್ಲ, ಹಾಗಾಗಿ ಆ ಹಿಡಿಕೆ ಸರಿಯಾಗದೆ ಹಗ್ಗಕ್ಕೆ ದುಡ್ಡು ಕೊಡಬೇಡಿ. ಮೊದಲ ಪದರಕ್ಕೆ ಶಾಖ ತಡೆಯುವ ತೋಳು ಹಾಕಿದ ಹಗ್ಗ ಸಿಕ್ಕರೆ ಅದನ್ನೇ ಆರಿಸಿ.

30 ಮೀಟರ್ ಹಿಡಿಯುವುದಿಲ್ಲ. 224 ಮಿಮೀ ಅಗಲದಲ್ಲಿ 10 ಮಿಮೀ ಹಗ್ಗ 22 ಸುತ್ತು. ಮೊದಲ ಪದರದಲ್ಲಿ ಸುಮಾರು 5.1 ಮೀಟರ್, ಎರಡನೆಯದರಲ್ಲಿ 6.4, ಮೂರರಲ್ಲಿ 7.6, ನಾಲ್ಕರಲ್ಲಿ 8.8. ಒಟ್ಟು 28ರ ಒಳಗೆ, ಅದೂ ಕೈಯಲ್ಲಿ ಜೋಡಿಸಿದಷ್ಟು ಅಚ್ಚುಕಟ್ಟಾಗಿ ಸುತ್ತಿದರೆ. ಹೊಲದಲ್ಲಿ ಒಂದು ಬದಿಗೆ ಗುಡ್ಡೆಯಾಗುವ ಹಗ್ಗ ಟೈ ರಾಡಿಗೆ ತಿಕ್ಕುತ್ತದೆ. 25 ಮೀಟರ್ ತಗೊಳ್ಳಿ. ಪದರ ಏರಿದಂತೆ ಎಳೆತವೂ ಇಳಿಯುತ್ತದೆ ಎನ್ನುವುದು ನೆನಪಿರಲಿ. ಮೊದಲ ಪದರದಲ್ಲಿ 3629 ಕೆಜಿ ಎಳೆಯುವ ವಿಂಚು ಎರಡನೆಯದರಲ್ಲಿ 2900, ಮೂರನೆಯದರಲ್ಲಿ 2440, ನಾಲ್ಕನೆಯದರಲ್ಲಿ 2100 ಅಷ್ಟೇ. ಹಗ್ಗ ದಪ್ಪ ಆದಷ್ಟೂ ಈ ಇಳಿತ ಹೆಚ್ಚು. ಬಲದ ಚಿಂತೆ ಬೇಡ: 8 ಮಿಮೀ ತಂತಿ ಹರಿಯುವುದು ಸುಮಾರು 4.4 ಟನ್ನಿಗೆ, ಒಳ್ಳೆಯ 10 ಮಿಮೀ ಡೈನೀಮಾ ಹೊಸದಿದ್ದಾಗ 8 ಟನ್ ದಾಟುತ್ತದೆ. 25 ಮೀಟರಿನ ತೂಕ ಒಂದೂಕಾಲು ಕೆಜಿ.

ನಕಲಿ ಮಾಲು ಗುರುತಿಸುವುದು ಹೀಗೆ. ನೀರಿಗೆ ಹಾಕಿದರೆ ಡೈನೀಮಾ ತೇಲುತ್ತದೆ, ನೈಲಾನ್ ಮತ್ತು ಪಾಲಿಯೆಸ್ಟರ್ ಮುಳುಗುತ್ತವೆ. ಆದರೆ ಪಾಲಿಪ್ರೊಪಿಲೀನೂ ತೇಲುವುದರಿಂದ ಇದೊಂದೇ ಸಾಲದು. ಹಗ್ಗದ ಮೇಲೆ ಒಂದು ಮೀಟರ್ ಅಂತರಕ್ಕೆ ಎರಡು ಗುರುತು ಹಾಕಿ, ನಿಲ್ಲಿಸಿದ ಗಾಡಿಗೆ ಕಟ್ಟಿ ಬಿಗಿಯಾಗಿ ಎಳೆದು ಅಳೆಯಿರಿ. ಡೈನೀಮಾ ಹರಿಯುವ ಹೊತ್ತಿಗೂ ಮೂರು ನಾಲ್ಕು ಸೆಂಟಿಮೀಟರಿಗಿಂತ ಹೆಚ್ಚು ಹಿಗ್ಗುವುದಿಲ್ಲ. ಹತ್ತು ಸೆಂಟಿಮೀಟರ್ ಹಿಗ್ಗಿದರೆ ನೀವು ಕೊಂಡಿದ್ದು ಎತ್ತಿನ ಮಿಣಿ ಕಟ್ಟುವ ಪ್ಲಾಸ್ಟಿಕ್ ಹಗ್ಗ.

ಡ್ರಮ್ಮು ಮತ್ತು ರೋಲರಿನ ಪ್ರಶ್ನೆಗೆ ಉತ್ತರ ಹತ್ತಿಯಲ್ಲಿದೆ. ಒಂದು ಹಿಡಿ ಬಿಡಿ ಹತ್ತಿ ತೆಗೆದುಕೊಂಡು ಡ್ರಮ್ಮಿನ ಮೈ, ಎರಡು ಗೋಡೆಯ ಒಳಬದಿ, ಟೈ ರಾಡಿನ ಹಿಂಬದಿ ಎಲ್ಲ ಸವರಿ. ಎಲ್ಲಿ ಎಳೆ ಸಿಕ್ಕಿಕೊಂಡಿತೋ ಅಲ್ಲಿ ತಂತಿ ಕೆರೆದ ಮುಳ್ಳಿದೆ. ಕಣ್ಣಿಗೆ ಕಾಣದ್ದು, ಬೆರಳಿಗೆ ಸಿಗದ್ದು ಹತ್ತಿಗೆ ಸಿಗುತ್ತದೆ. ಮೊದಲು 120, ಆಮೇಲೆ 240 ಪೇಪರ್ ಹಾಕಿ, ಮತ್ತೆ ಹತ್ತಿ ಸವರಿ. ಹತ್ತಿ ಜಾರುವವರೆಗೆ ಹಗ್ಗ ಸುತ್ತಬೇಡಿ. ರೋಲರುಗಳನ್ನು ಹೀಗೆ ನುಣುಪು ಮಾಡಬಹುದು, ಆದರೆ ಅಡ್ಡ ಮತ್ತು ಉದ್ದ ರೋಲರು ಕೂಡುವ ಮೂಲೆಯ ಸಂದಿಯನ್ನು ಏನೂ ಮಾಡಲಾಗದು. ಓರೆಯಾಗಿ ಎಳೆದಾಗ ಸಿಂಥೆಟಿಕ್ ಹಗ್ಗ ಚಪ್ಪಟೆಯಾಗಿ ಆ ಸಂದಿಗೆ ನುಗ್ಗಿ ಕತ್ತರಿಸುತ್ತದೆ. ಅದಕ್ಕೆ ರೋಲರಿಲ್ಲದ, ದುಂಡು ಅಂಚಿನ ಒಂದೇ ಬಾಯಿಯ ಅಲ್ಯೂಮಿನಿಯಂ ಹಾಸ್ ಫೇರ್‌ಲೀಡ್ ಹಾಕಿ. ಬೋಲ್ಟಿನ ಅಂತರ ಸಾಮಾನ್ಯವಾಗಿ 254 ಮಿಮೀ, ರೋಲರಿನ ಜಾಗಕ್ಕೇ ಕೂರುತ್ತದೆ. ಹಾಕಿದ ಮೇಲೆ ಮತ್ತೆಂದೂ ತಂತಿ ಹಗ್ಗವನ್ನು ಅದರೊಳಗೆ ಎಳೆಯಬೇಡಿ, ಒಂದೇ ಸಲಕ್ಕೆ ಗರಗಸ ಎಳೆದಂತೆ ಗೆರೆ ಬೀಳುತ್ತದೆ.

ಗ್ರಬ್ ಸ್ಕ್ರೂ ನಡೆಯುವುದಿಲ್ಲ. ಬಿಗಿದಲ್ಲೇ ಎಳೆಗಳನ್ನು ಕತ್ತರಿಸುತ್ತದೆ, ಮೇಲೆದ್ದ ತಲೆ ಎರಡನೇ ಪದರವನ್ನೂ ಕೊರೆಯುತ್ತದೆ. ಹಗ್ಗದ ತುದಿಗೆ ಲಗ್ ಒತ್ತಿಸಿ, ಡ್ರಮ್ಮಿನ ರಂಧ್ರಕ್ಕೆ ತಲೆ ಮುಳುಗುವ ಸಣ್ಣ ಬೋಲ್ಟಿನಿಂದ ಕೂರಿಸಿ. ಆ ಬೋಲ್ಟು ಎಳೆತ ತಡೆಯುವುದಕ್ಕಲ್ಲ, ಸುತ್ತಲು ಶುರು ಮಾಡುವುದಕ್ಕೆ ಮಾತ್ರ. ಎಳೆತ ತಡೆಯುವುದು ಡ್ರಮ್ಮಿಗೆ ಹಗ್ಗ ತಿಕ್ಕುವ ಹಿಡಿತ, ಮತ್ತು ಡೈನೀಮಾ ಮೇಣದಂತೆ ಜಾರುವ ಮಾಲು. ತಂತಿಗೆ 5 ಸುತ್ತು ಉಳಿದರೆ ಸಾಕಿತ್ತು, ಇದಕ್ಕೆ 10 ಸುತ್ತು ಯಾವಾಗಲೂ ಉಳಿಯಬೇಕು. ನಿಮ್ಮ ಡ್ರಮ್ಮಿನಲ್ಲಿ ಅದು 2.3 ಮೀಟರ್. ಅಲ್ಲಿಗೆ ಹಗ್ಗದ ಮೇಲೆ ಕೆಂಪು ಬಣ್ಣ ಬಳಿದುಬಿಡಿ, ಕೆಂಪು ಕಂಡರೆ ನಿಲ್ಲಿಸಬೇಕೆಂದು ಗಾಡಿಯಲ್ಲಿರುವ ಎಲ್ಲರಿಗೂ ಗೊತ್ತಾಗುತ್ತದೆ. ಮೊದಲ ಸಲ ಸುತ್ತುವಾಗ ಸಮತಟ್ಟು ರಸ್ತೆಯಲ್ಲಿ ಇನ್ನೊಂದು ಗಾಡಿಗೆ ಕಟ್ಟಿ, ಅದರ ಬ್ರೇಕು ಅರೆ ಹಿಡಿದು, ಸುಮಾರು 250 ಕೆಜಿ ಬಿಗುವಿನಲ್ಲಿ ಸುತ್ತಬೇಕು. ಸಡಿಲವಾಗಿ ಸುತ್ತಿದರೆ ಮೊದಲ ದೊಡ್ಡ ಎಳೆತಕ್ಕೇ ಮೇಲಿನ ಪದರ ಕೆಳಗಿನದರೊಳಗೆ ಹೂತು ಸಿಕ್ಕಿಕೊಳ್ಳುತ್ತದೆ. ಆಮೇಲೆ ಫ್ರೀ ಸ್ಪೂಲ್ ಬಿಟ್ಟರೂ ಹಗ್ಗ ಬರುವುದಿಲ್ಲ.

ಕೊಕ್ಕೆಯ ತುದಿಗೆ ಗಂಟು ಹಾಕಬೇಡಿ. ಡೈನೀಮಾದಲ್ಲಿ ಗಂಟು ಜಾರುತ್ತದೆ, ಜಾರದಿದ್ದರೂ ಅರ್ಧಕ್ಕಿಂತ ಹೆಚ್ಚು ಬಲ ಹೋಗುತ್ತದೆ. ಕಣ್ಣು (ಕೊಕ್ಕೆ ಸಿಕ್ಕಿಸುವ ಕುಣಿಕೆ) ಹೆಣೆಯಬೇಕು. ತುದಿಯಿಂದ ಹಗ್ಗದ ದಪ್ಪದ 72 ಪಟ್ಟು, ಅಂದರೆ 72 ಸೆಂಟಿಮೀಟರಿಗೆ ಮೊದಲ ಗುರುತು. ಅಲ್ಲಿಂದ ಥಿಂಬಲ್ಲಿನ (ಕಣ್ಣಿನೊಳಗೆ ಕೂರಿಸುವ ಲೋಹದ ಬಳೆಯ) ಸುತ್ತಳತೆಯಷ್ಟು ಮುಂದೆ ಎರಡನೆಯದು. ಎರಡನೆ ಗುರುತಿನಲ್ಲಿ ಹೆಣಿಗೆ ಬಿಡಿಸಿ ತುದಿಯನ್ನು ತೂರಿಸಿ, ಥಿಂಬಲ್ ಕೂರಿಸಿ, ಮೊದಲ ಗುರುತಿನಲ್ಲಿ ಹೆಣಿಗೆ ಬಿಡಿಸಿ ಹಗ್ಗದ ಇನ್ನೊಂದು ಕೊನೆಯನ್ನು ಪೂರ್ತಿ ಅದರೊಳಗಿಂದ ಎಳೆದುಕೊಳ್ಳಿ. ಡ್ರಮ್ಮಿಗೆ ಸುತ್ತುವ ಮೊದಲೇ ಈ ಕೆಲಸ ಏಕೆಂದು ಈಗ ಗೊತ್ತಾಯಿತಲ್ಲ. ಇದು ಬೀಗ ಮಾತ್ರ, ಭಾರ ಹೊರುವುದು ಒಳಗೆ ಹೂಳುವ 72 ಸೆಂಟಿಮೀಟರ್. ಹೂಳುವ ಮೊದಲು ಅದರ ಕೊನೆಯ ಮೂರನೇ ಒಂದು ಭಾಗದಲ್ಲಿ ಎರಡೆರಡು ಎಳೆಯನ್ನು ಅಂತರಂತರಕ್ಕೆ ಕತ್ತರಿಸುತ್ತಾ ಹೋಗಿ, ಬಾಲ ಇಲಿಯ ಬಾಲದಂತೆ ಸಣ್ಣಗಾಗಬೇಕು. ಒಮ್ಮೆಲೇ ಮೊಂಡಾಗಿ ನಿಂತರೆ ಹಗ್ಗ ಅಲ್ಲಿಯೇ ಹರಿಯುತ್ತದೆ. 2 ಮಿಮೀ ಜಿಐ ತಂತಿಯನ್ನು ಮಡಚಿ ಸೂಜಿ ಮಾಡಿಕೊಂಡರೆ ಬೇರೆ ಉಪಕರಣ ಬೇಡ. ಹೂತ ಮೇಲೆ ಎಮ್ಮೆ ಹಿಂಡುವ ಹಾಗೆ ಕಣ್ಣಿನಿಂದ ಹಿಂದಕ್ಕೆ ಹಿಂಡುತ್ತಾ ಬನ್ನಿ, ಸುಕ್ಕು ಹೋಗಿ ಬಾಲ ಪೂರ್ತಿ ಒಳಗೆ ಅಡಗುತ್ತದೆ. ಕೊನೆಗೆ ದಪ್ಪ ದಾರದಿಂದ ನಾಲ್ಕು ಹೊಲಿಗೆ.

ನಿಮ್ಮ ಕೆಲಸ ಎರೆಹೊಲದಲ್ಲಿ ಅಂದಿರಿ. ಎರೆಮಣ್ಣಿನ ನುಣುಪು ಕಣ ಹೆಣಿಗೆಯ ಒಳಗೆ ಇಳಿಯುತ್ತದೆ, ಒಣಗಿದ ಮೇಲೆ ಹಗ್ಗ ಬಾಗಿದಾಗಲೆಲ್ಲ ಒಳಗಿಂದಲೇ ಎಳೆ ತಿನ್ನುತ್ತದೆ. ಹಸಿಯಿರುವಾಗಲೇ ಬಕೆಟ್ ನೀರಿನಲ್ಲಿ ಅದ್ದಿ ಅದ್ದಿ ತೊಳೆಯಿರಿ, ನೀರು ತಿಳಿಯಾಗುವವರೆಗೆ. ವಾಟರ್ ಸರ್ವಿಸಿನ ಪ್ರೆಶರ್ ಗನ್ ಹತ್ತಿರದಿಂದ ಹೊಡೆದರೆ ಮಣ್ಣು ಇನ್ನೂ ಒಳಗೆ ಹೋಗುತ್ತದೆ. ನೆರಳಲ್ಲಿ ಒಣಗಿಸಿ, ಗಾಡಿಯ ಮೇಲೆ ಕವರ್ ಹಾಕಿ. ಮೇಲ್ಮೈ ನೊರೆನೊರೆಯಾಗಿ ಎದ್ದರೆ ಗಾಬರಿ ಬೇಡ. ಗಾಜಿನಂತೆ ಗಟ್ಟಿಯಾಗಿ ಹೊಳೆಯುವ ಜಾಗ ಕಂಡರೆ ಅದು ಕರಗಿದ ಗುರುತು. ಒಂದು ಎಳೆ ಪೂರ್ತಿ ತುಂಡಾದರೂ ಅಷ್ಟೇ, ಅಲ್ಲಿ ಕತ್ತರಿಸಿ ಮತ್ತೆ ಹೆಣೆಯಬೇಕು.

ಬೈಪಾಸ್ ಟೋಯಿಂಗ್

ಎಲ್ಲಾರೂ ಸಿಂಥೆಟಿಕ್ ಅಂತ ಹೊಂಟೀರಿ, ಒಂದು ಮಾತು. ಗಬ್ಬೂರ ಬೈಪಾಸಿನ್ಯಾಗ ದಿನಾ ಕಾರು ಏರಿಸಿ ಇಳಸೋ ಟೋಯಿಂಗ್ ಗಾಡಿಗೆ ತಂತಿನ ಸರಿ. ಅಲ್ಲೆ ಕೆಲಸ ಅರ್ಧ ಎಳಿಯೂದು, ಅರ್ಧ ಭಾರದ ಮ್ಯಾಲೆ ಇಳಸೂದು. ಡ್ರಮ್ಮಿನೊಳಗಿನ ಬ್ರೇಕ್ ಇಡೀ ದಿನ ಕಾಯ್ತೈತಿ. ಕಲ್ಲಿನ ಮ್ಯಾಲೆ ತಿಕ್ಕೋ ಕಡೆನೂ ತಂತಿನ ತಡಿಯೂದು. ಹೊಲದಾಗ ವಾರಕ್ಕೊಮ್ಮೆ ಎಳಿಯೋ ಜೀಪಿಗೆ ಸಿಂಥೆಟಿಕ್ ಹಾಕ್ರಿ, ಬ್ಯಾಡ ಅನ್ನಂಗಿಲ್ಲ.

ಮತ್ತ ಹಗುರ ಹಗ್ಗ, ಹರಿದ್ರ ಏನೂ ಆಗಂಗಿಲ್ಲ ಅನ್ನೂದು ಸುಳ್ಳು. ಹಗ್ಗ ತಾನ ಸಪ್ಪಗ ಬೀಳ್ತೈತಿ, ಆದ್ರ ಕೊಕ್ಕಿ ಇಲ್ಲಾ ಎದುರಿನ ಗಾಡಿಯ ಹುಕ್ ಮುರಿದ್ರ ಆ ಕಬ್ಬಿಣ ಗುಂಡಿನಂಗ ಬರ್ತೈತಿ. ಹಗ್ಗದ ನಡುವ ಒದ್ದಿ ಗೋಣಿಚೀಲ ಹಾಕೂದು ಬಿಡಬ್ಯಾಡ್ರಿ, ಯಾರೂ ಹಗ್ಗ ದಾಟಬಾರ್ದು.

ಎರಿ ಹೊಲದ ಲೆಕ್ಕಾನೂ ಒಂದಿಷ್ಟು. ಸಾಮಾನು ಸೇರಿ 2 ಟನ್ ಗಾಡಿ ಗಾಲಿಮಟ ಹೂತಿದ್ರ ಇನ್ನೂ 2 ಟನ್ ತಡಿ ಅಂತ ಹಿಡೀಬೇಕು. ಚಾಸಿ ಕುಂತು ಬಿಟ್ರ ಅದಕ್ಕಿಂತ ಎಷ್ಟೋ ಹೆಚ್ಚು. 3.6 ಟನ್ ವಿಂಚ್ ಅಲ್ಲೆ ಮೋಟರ್ ಸುಟ್ಕೊಂಡು ಕುಂಡರ್ತೈತಿ. ಮೊದಲು ಸಲಿಕಿ ತಗೊಂಡು ಗಾಲಿ ಮುಂದಿನ ಮಣ್ಣು ಬಿಡಸ್ರಿ, ಚಾಸಿ ಕೆಳಗಿಂದು ತೆಗೀರಿ, ಆಮ್ಯಾಲೆ ಪುಲ್ಲಿ ಹಾಕಿ ಎರಡು ಎಳಿ ಮಾಡ್ರಿ. ಎಳೆತ ಎರಡು ಪಟ್ಟು, ವೇಗ ಅರ್ಧ. ಪುಲ್ಲಿಯ ಗಾಲಿ ಹಗ್ಗದ ದಪ್ಪದ 8 ಪಟ್ಟಾದ್ರೂ ಇರಬೇಕು, ತಂತಿ ಓಡಿಸಿದ ಹಳೆ ಪುಲ್ಲಿ ಆದ್ರ ಅದಕ್ಕೂ ಹತ್ತಿ ಹಿಡಿದು ನೋಡ್ರಿ. ನವಲಗುಂದದ ಕಡೆ ಎರಡು ಹೊಲ ದಾಟಿದ್ರೂ ಒಂದು ಬೇವಿನ ಗಿಡ ಸಿಗಂಗಿಲ್ಲ. ಸ್ಟೆಪ್ನಿ ಹೂಳಬೇಕು. ಮೊಣಕೈ ಮುಳುಗಿ ಮ್ಯಾಲೆ ಇನ್ನೊಂದು ಗೇಣು ಆಳ ತೆಗ್ಗು, ಗಾಡಿ ಕಡೆ ಗ್ವಾಡಿ ಕಡಿದು ಬೆಲ್ಟ್ ಹಾಯಾಕ ಸಣ್ಣ ಕಾಲುವಿ, ಸ್ಟೆಪ್ನಿ ಒಳಗ ಬೆಲ್ಟ್ ಹಾಯ್ಸಿ ಮಣ್ಣು ತುಳೀರಿ.

ಧಾರವಾಡ ಜೀಪು

ಮೀಟರ್ ಹಿಡಿದು ನೋಡಿದ್ದು: ಭಾರದಾಗ ಬ್ಯಾಟರಿ 11.4 ವೋಲ್ಟ್. ಬ್ಯಾಟರಿ ಮೈನಸ್ಸಿನಿಂದ ಮೋಟರ್ ಮೈಗೆ 1.6. ಎಳಿಯೋ ಕಡೆ ಸೊಲೆನಾಯ್ಡಿಗೆ 0.9, ಬಿಡೋ ಕಡೆ 0.2. ಹಗ್ಗ ಡ್ರಮ್ಮಿನ ಕೆಳಗಿನಿಂದನ ಬರ್ತೈತಿ, ಸುತ್ತು ಸರಿ ಐತಿ. ಇನ್ನೊಂದು: ಹಳೆ ತಂತಿಯ ಕೊಕ್ಕಿ, ಪಿನ್ನು ಹೊಸ ಹಗ್ಗಕ್ಕ ಹಾಕಬಹುದೇನು?

ಗೋಕುಲ ರೋಡ್ ಆರ್ಮೇಚರ್

ಅರ್ಥಿಂಗಿನ್ಯಾಗ 1.6, ಸೊಲೆನಾಯ್ಡಿನ್ಯಾಗ 0.9 ಹೋದ್ರ ಮೋಟರಿಗೆ 9 ವೋಲ್ಟೂ ಮುಟ್ಟಂಗಿಲ್ಲ, ಅದಕ್ಕ ಸೊರಗೂದು. ಅರ್ಥ್ ಕೇಬಲ್ ಇವತ್ತ ಹಾಕ್ರಿ, ಎಳಿಯೋ ಕಡೆ ಸೊಲೆನಾಯ್ಡ್ ಬದಲಿಸ್ರಿ, ಆಮ್ಯಾಲೆ ಮತ್ತ ಅಳೀರಿ. ಎರಡೂ 0.3ರ ಒಳಗ ಬಂದ್ರ ಮೋಟರ್ ಬಿಚ್ಚೂದು ಅವಸರ ಇಲ್ಲ, ಬ್ರೇಕಿಗೆ ವಿಂಚ್ ಬಿಚ್ಚಿದಾಗ ಕಾರ್ಬನ್ ನೋಡಿದ್ರಾತು.

ತಾರಿಹಾಳ ಲೇಥ್

ಸುತ್ತು ಸರಿ ಇದ್ದು ಜಾರ್ತೈತಿ ಅಂದ್ರ ಲೈನಿಂಗ್ ಬಿಚ್ಚಿ ನೋಡ್ಲೇಬೇಕ್ರಿ. ಡ್ರಮ್ ಎರಡೂ ತುದಿಯ ಬುಶ್ ಮತ್ತ ಓ ರಿಂಗ್ ಅದೇ ವ್ಯಾಳ್ಯಾಕ ಬದಲಿಸ್ರಿ, ಮತ್ತೊಮ್ಮೆ ಬಿಚ್ಚೋ ಕಷ್ಟ ತಪ್ಪತೈತಿ.

ಹಾನಗಲ್ ಹಗ್ಗ

ಕೊಕ್ಕೆ ಹಾಕಬಹುದು, ಬಾಯಿ ಅಗಲ ಆಗಿರದಿದ್ದರೆ ಮತ್ತು ಬಾಯಿಯ ಪಟ್ಟಿಯ ಸ್ಪ್ರಿಂಗ್ ಗಟ್ಟಿ ಇದ್ದರೆ. ಆದರೆ ತಂತಿಯ ಥಿಂಬಲ್ಲು ಬೇಡ. ಅದರ ಅಂಚು ತಗಡಿನಂತೆ ಚೂಪು, ಮೊದಲ ವಾರವೇ ಕಣ್ಣಿನ ಒಳಮೈ ಕೊಯ್ಯುತ್ತದೆ. ದುಂಡು ಅಂಚಿನ ಕೊಳವೆ ಥಿಂಬಲ್ ತಗೊಳ್ಳಿ. ಪಿನ್ನಿಗೂ ಒಮ್ಮೆ ಹತ್ತಿ ಸವರಿ ನೋಡಿ.